ಕಂಡಕ್ಟರಮ್ಮ ಓಡಿದ ಓಟ

ನಿಂತು ದುಡಿಯುವವರಿಗೆ ಕಾಲುನೋವು ಮನೆಮಂದಿಯಲ್ಲಿ ಒಬ್ಬರಿದ್ದ ಹಾಗೆ. ಬೆಳಿಗ್ಗೆ ಜೊತೆಯಲ್ಲೇ ಏಳುತ್ತದೆ, ಸಂಜೆ ಜೊತೆಯಲ್ಲೇ ಮನೆಗೆ ಬರುತ್ತದೆ. ಅದರ ಮಾತೆತ್ತಿದರೆ "ಯಾರಿಗಿಲ್ಲ ಹೇಳಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಟ್ಟೆ ಅಂಗಡಿಯ ಹುಡುಗಿಗಿದೆ, ಪಾಠ ಹೇಳುವ ಮೇಷ್ಟ್ರಿಗಿದೆ. ಹದಿನೇಳು ವರ್ಷ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಟ್ಟ ಕಂಡಕ್ಟರಮ್ಮನಿಗೆ ಇಲ್ಲದೆ ಇರುತ್ತದೆಯೇ? ಅದಕ್ಕೇ ಅವಳ ಎಡಗಾಲಿನಲ್ಲಿ ಹೊಸದೊಂದು ನೋವು ಹುಟ್ಟಿದಾಗ, ಹಳೆಯದರ ಬಂಧುವೇ ಇರಬೇಕು ಎಂದುಕೊಂಡು ಸುಮ್ಮನಾದಳು.

ಸುಮ್ಮನಾಗಬಾರದಿತ್ತು.

ಎರಡು ವರ್ಷದ ಹಿಂದೆ ಅವಳ ಅಕ್ಕ ಕ್ಯಾನ್ಸರಿನಿಂದ ತೀರಿಕೊಂಡಳು. ಚಿಕಿತ್ಸೆಗೆಂದು ದೊಡ್ಡ ಆಸ್ಪತ್ರೆಗೆ ಹೋದಾಗ ಅಕ್ಕ ತಂಗಿ ಇಬ್ಬರೂ ಹನ್ನೊಂದು ದಿನ ಅಲ್ಲಿನ ಕಾರಿಡಾರಿನಲ್ಲಿ ಕಳೆದಿದ್ದರು. ಆಸ್ಪತ್ರೆಯ ಪಕ್ಕದಲ್ಲೇ ದೂರದಿಂದ ಬಂದ ರೋಗಿಗಳಿಗಾಗಿ ಒಂದು ತಂಗುಮನೆ ಇತ್ತು. ಅದರಲ್ಲಿದ್ದದ್ದು ಹನ್ನೆರಡು ಮಂಚ, ಬಾಗಿಲಲ್ಲಿ ಕಾಯುತ್ತಿದ್ದವರು ಅರವತ್ತು ಜನ. ಆಸ್ಪತ್ರೆಯ ಕಾರಿಡಾರಿನಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ, ಬೆಡ್‌ಶೀಟು ಹಾಸಿಕೊಂಡು ಅಕ್ಕ ಮಲಗುತ್ತಿದ್ದಳು. ಆಮೇಲೆ ಮನೆಗೆ ಬಂದು ಕಣ್ಣು ಮುಚ್ಚುವ ಮೊದಲು ಅವಳು ಹೇಳಿದ್ದು ಕಾಯಿಲೆಯ ಮಾತಲ್ಲ. "ಅಲ್ಲಿ ಬೆನ್ನು ಚಾಚೋಕೆ ಒಂದು ಮಂಚ ಸಿಕ್ಕಿದ್ರೆ ಸಾಕಿತ್ತು ಕಣೇ" ಎಂದಿದ್ದಳು.

ಆ ಮಾತು ಕಂಡಕ್ಟರಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಒಂದು ದಿನ ಅವಳ ಬಸ್ಸಿನ ಹಿಂಬದಿಗೇ ಒಂದು ದೊಡ್ಡ ಜಾಹೀರಾತು ಅಂಟಿಸಿದರು. ಊರಲ್ಲಿ ಮ್ಯಾರಥಾನ್ ನಡೆಯಲಿದೆ, ನಲವತ್ತೆರಡು ಕಿಲೋಮೀಟರ್. ಓಡುವವರು ಯಾವುದಾದರೂ ಒಳ್ಳೆಯ ಕೆಲಸಕ್ಕೆ ಜನರಿಂದ ಹಣ ಕೂಡಿಸಿ ಕೊಡಬಹುದು. ಕಂಡಕ್ಟರಮ್ಮ ಅದುವರೆಗೆ ಓಡಿದ್ದು ಟಿಕೆಟ್ ಇಲ್ಲದೆ ಇಳಿದವರ ಹಿಂದೆ ಮಾತ್ರ. ಆದರೂ ಹೆಸರು ಬರೆಸಿದಳು. ತಂಗುಮನೆಗೆ ಮಂಚ ಎಂದು ಅರ್ಜಿಯಲ್ಲಿ ತುಂಬಿದಳು. ಆಗ ಅವಳಿಗೆ ನಲವತ್ತಾರು ವರ್ಷ. ಓಟಕ್ಕೆ ಉಳಿದಿದ್ದು ನಾಲ್ಕು ತಿಂಗಳು.

ಅವಳ ಗಂಡನದು ಬಸ್ ನಿಲ್ದಾಣದ ಎದುರು ಎರಡು ಕುರ್ಚಿಯ ಸಲೂನು. ಹೆಂಡತಿಯ ಮಾತು ಕೇಳಿ ಮೊದಲು ನಕ್ಕ, ಆಮೇಲೆ ಉಬ್ಬಿದ. ಎರಡು ಕನ್ನಡಿಗಳ ನಡುವೆ ಅವಳ ಫೋಟೋ ಅಂಟಿಸಿ ಕೆಳಗೊಂದು ಡಬ್ಬಿ ಇಟ್ಟ. ಬಂದವರಿಗೆಲ್ಲ "ಇವಳು ನಮ್ಮ ಮನೆಯವಳು, ನಲವತ್ತೆರಡು ಕಿಲೋಮೀಟರ್ ಓಡ್ತಾಳೆ" ಎಂದು ಶುರು ಮಾಡುತ್ತಿದ್ದ. ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತವನು ಎದ್ದು ಹೋಗುವ ಹಾಗಿಲ್ಲ, ಕೇಳಲೇಬೇಕು. ಕೇಳಿದವರು ಕೊಟ್ಟರು. ತಿಂಗಳು ತಿಂಗಳೂ ಗಂಡ ಡಬ್ಬಿಯಲ್ಲಿದ್ದದ್ದನ್ನು ತಂಗುಮನೆಗೆ ಕಟ್ಟಿ, ಒಳಗೆ ಹೋಗದೆ ಬಾಗಿಲಿಂದಲೇ ಬರುತ್ತಿದ್ದ.

ಕೊಟ್ಟವರು ಕೈಬಿಡಲಿಲ್ಲ. ಮರುವಾರ ಬಂದು "ಎಷ್ಟಾಯ್ತು ಇವತ್ತಿಗೆ?" ಎಂದು ಕೇಳಿದರು. ಗಂಡ ರಾತ್ರಿ ಊಟಕ್ಕೆ ಕೂತಾಗ ಅದೇ ಪ್ರಶ್ನೆಯನ್ನು ಮನೆಗೆ ತರುತ್ತಿದ್ದ.

"ಎಷ್ಟಾಯ್ತೇ?"

"ಹತ್ತು."

"ಹೋದ ವಾರಾನೂ ಹತ್ತೇ ಅಂದಿದ್ದೆ. ಜನಕ್ಕೆ ಏನು ಹೇಳಲಿ?"

"ಹನ್ನೆರಡು ಅಂತ ಹೇಳಿ. ನಾಳೆ ಹನ್ನೆರಡು ಓಡ್ತೀನಿ."

ಹೀಗೆ ಜನರಿಗೆ ಹೇಳಿದ ಲೆಕ್ಕವನ್ನು ಅವಳ ಕಾಲು ಹಿಂದಿನಿಂದ ಮುಟ್ಟುತ್ತಾ ಬಂತು. ಎಂಟು ಗಂಟೆ ಬಸ್ಸಿನಲ್ಲಿ ನಿಂತು, ಇಳಿದು, ಸಮವಸ್ತ್ರ ಬದಲಿಸಿ, ಡಿಪೋದ ಹಿಂದಿನ ಸಿಮೆಂಟು ರಸ್ತೆಯಲ್ಲಿ ಓಡುತ್ತಿದ್ದಳು. ವಾರಕ್ಕೆ ಒಂದು ದಿನವೂ ಬಿಡುವಿಲ್ಲ. ಮೈ ಹಗುರವಾದರೆ ಓಟ ಸಲೀಸು ಎಂದು ಯಾರೋ ಹೇಳಿದರೆಂದು ರಾತ್ರಿಯ ಊಟವನ್ನೂ ಅರ್ಧ ಮಾಡಿದಳು.

ಎರಡೂವರೆ ತಿಂಗಳಾದಾಗ ನೋವು ಬಂತು. ಎಡಗಾಲು, ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ನಡುಮಧ್ಯ. ಮೊದಲು ಓಡಿದ ಮೇಲೆ ಬರುತ್ತಿತ್ತು. ಆಮೇಲೆ ಓಡುವಾಗಲೇ ಬಂತು. ಕೊನೆಗೆ ಬಸ್ಸು ಹಳ್ಳಕ್ಕೆ ಬಿದ್ದು ಕುಲುಕಿದಾಗಲೆಲ್ಲ ಒಳಗೆ ಯಾರೋ ಉಳಿ ಇಟ್ಟು ಹೊಡೆದ ಹಾಗಾಗುತ್ತಿತ್ತು.

ದಿನಾ ಬೆಳಿಗ್ಗೆ ಆರೂಕಾಲಿಗೆ ಆಸ್ಪತ್ರೆ ನಿಲ್ದಾಣದಲ್ಲಿ ಒಬ್ಬ ನರ್ಸ್ ಹತ್ತುತ್ತಿದ್ದಳು. ಮೂಳೆ ವಾರ್ಡಿನವಳು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವವಳು. ಬಸ್ಸು ಖಾಲಿ ಇರುತ್ತಿದ್ದರಿಂದ ಇಬ್ಬರಿಗೂ ನಾಲ್ಕು ಮಾತಿನ ಸಲಿಗೆ ಇತ್ತು. ಒಂದು ದಿನ ಕಂಡಕ್ಟರಮ್ಮ ಕಂಬಕ್ಕೆ ಒರಗಿ ಎಡಗಾಲನ್ನು ಎತ್ತಿ ಹಿಡಿದು ನಿಂತಿದ್ದು ಅವಳ ಕಣ್ಣಿಗೆ ಬಿತ್ತು.

"ಕಾಲಿಗೇನಾಯ್ತು ಕಂಡಕ್ಟರಮ್ಮ?"

"ಏನಿಲ್ಲ ಸಿಸ್ಟರ್. ಓಡ್ತಾ ಇದೀನಲ್ಲ, ಮಾಂಸ ಹಿಡ್ಕೊಂಡಿದೆ."

"ಕೂತ್ಕೊಳ್ಳಿ ಇಲ್ಲಿ. ಎಲ್ಲಿ ನೋವು, ಅಂಗೈಯಲ್ಲಿ ತೋರಿಸ್ತೀರೋ, ಒಂದು ಬೆರಳಲ್ಲಿ ತೋರಿಸ್ತೀರೋ?"

ಕಂಡಕ್ಟರಮ್ಮ ಒಂದು ಬೆರಳಿಟ್ಟು ತೋರಿಸಿದಳು. ನರ್ಸ್ ಅದೇ ಜಾಗ ಒತ್ತಿದಳು. ಕಂಡಕ್ಟರಮ್ಮನ ಕೈಯಿಂದ ಟಿಕೆಟ್ ಯಂತ್ರ ಜಾರಿತು.

"ಮಾಂಸದ ನೋವಾದ್ರೆ ಅಗಲಕ್ಕೆ ಹರಡಿರುತ್ತೆ" ಎಂದಳು ನರ್ಸ್. "ಹೀಗೆ ಒಂದೇ ಬೆರಳಿನ ಜಾಗದಲ್ಲಿ ಎಲುಬೇ ನೋಯ್ತಿದ್ರೆ ಅದು ಬೇರೆ. ಸುಮ್ನೆ ಮಲಗಿದ್ದಾಗಲೂ ನೋಯುತ್ತಾ?"

"ಈಗೀಗ ನೋಯುತ್ತೆ."

"ಮುಟ್ಟು ನಿಂತಿದೆಯಾ?"

"ವರ್ಷ ಆಯ್ತು."

"ಊಟ?"

ಕಂಡಕ್ಟರಮ್ಮ ಕಿಟಕಿಯ ಕಡೆ ನೋಡಿದಳು.

"ಎಲುಬು ಬಿರುಕು ಬಿಡ್ತಿರಬೇಕು ಅಂತ ನನಗೆ ಅನುಮಾನ" ಎಂದಳು ನರ್ಸ್. "ಮುಟ್ಟು ನಿಂತ ಮೇಲೆ ಎಲುಬು ಮೊದಲಿನಷ್ಟು ಗಟ್ಟಿ ಇರಲ್ಲ, ಊಟಾನೂ ಬಿಟ್ಟಿದೀರಿ. ಒಂದೇ ಏಟಿಗೆ ಮುರಿಯೋದಲ್ಲ ಇದು. ದಿನಾ ಸ್ವಲ್ಪ ಸ್ವಲ್ಪ. ಎಲುಬಿಗೆ ಸುಧಾರಿಸ್ಕೊಳ್ಳೋಕೆ ಪುರುಸೊತ್ತು ಕೊಡದೆ ಮತ್ತೆ ಮತ್ತೆ ಕುಟ್ಟಿದ್ರೆ ಕೂದಲೆಳೆಯಷ್ಟು ಸೀಳು ಬರುತ್ತೆ. ಈಗ ನಿಲ್ಲಿಸಿ ಡಾಕ್ಟರಿಗೆ ತೋರಿಸಿದ್ರೆ ತಾನೇ ಕೂಡ್ಕೊಳ್ಳುತ್ತೆ. ನಿಲ್ಲಿಸದಿದ್ರೆ ಒಂದು ದಿನ ಪೂರ್ತಿ ಹೋಗುತ್ತೆ."

ಮರುದಿನ ಕಂಡಕ್ಟರಮ್ಮ ಎಕ್ಸ್‌ರೇ ತೆಗೆಸಿದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಡಾಕ್ಟರು "ಸದ್ಯಕ್ಕೆ ಕಾಣ್ತಿಲ್ಲ, ಓಟ ನಿಲ್ಲಿಸಿ, ಮೂರು ವಾರ ಬಿಟ್ಟು ಮತ್ತೆ ಬನ್ನಿ" ಎಂದರು. ಅವಳು ಮನೆಗೆ ತಂದದ್ದು ಆ ಮಾತಿನ ಮೊದಲ ತುಂಡನ್ನು ಮಾತ್ರ.

ಗಂಡ ಆ ಕಪ್ಪು ಹಾಳೆಯನ್ನು ಬಲ್ಬಿನ ಎದುರು ಹಿಡಿದು ನೋಡಿದ. "ಗಾಜಿನ ಹಾಗಿದೆ ನೋಡು ಎಲುಬು. ಫೋಟೋದಲ್ಲೇ ಇಲ್ಲ ಅಂದ್ಮೇಲೆ ಇಲ್ಲ. ಆ ಸಿಸ್ಟರಿಗೆ ದಿನಾ ಮುರಿದ ಕಾಲು ನೋಡಿ ನೋಡಿ ಎಲ್ಲಾ ಕಾಲೂ ಮುರಿದ ಹಾಗೇ ಕಾಣುತ್ತೆ."

ಬಸ್ಸಿನಲ್ಲಿ ನರ್ಸ್ ಇದನ್ನು ಕೇಳಿ ತಲೆಯಾಡಿಸಿದಳು. "ಮೊದಮೊದಲು ಎಕ್ಸ್‌ರೇಯಲ್ಲಿ ಈ ಬಿರುಕು ಎಷ್ಟೋ ಸಲ ಕಾಣೋದೇ ಇಲ್ಲ ಕಂಡಕ್ಟರಮ್ಮ. ಕಾಣೋ ಹೊತ್ತಿಗೆ ವಾರಗಳೇ ಆಗಿರುತ್ತೆ. ಅದಕ್ಕೇ ಡಾಕ್ಟರು ಮತ್ತೆ ಬನ್ನಿ ಅಂದಿದ್ದು. ಅಲ್ಲೀವರೆಗೆ ಓಡಬೇಡಿ."

ಕಂಡಕ್ಟರಮ್ಮನಿಗೆ ರೇಗಿತು. "ಇಷ್ಟು ಜನ ನನ್ನ ನಂಬಿ ಕೊಟ್ಟಿದಾರೆ ಸಿಸ್ಟರ್. ಅವರ ದುಡ್ಡು ಇಸ್ಕೊಂಡು ಕಾಲು ಚಾಚಿ ಕೂತ್ಕೊಳ್ಳಲಾ? ನೀವು ಒಂದು ಕಾಸೂ ಕೊಟ್ಟವರಲ್ಲ, ಬೇಡ ಅನ್ನೋದು ನಿಮಗೆ ಸುಲಭ."

ನರ್ಸ್ ಚೀಲ ಹೆಗಲಿಗೇರಿಸಿದಳು. ಇಳಿಯುವ ಜಾಗ ಬಂದಾಗ ಎದ್ದು ನಿಂತು ಮೆಲ್ಲಗೆ ಹೇಳಿದಳು. "ಮೊದಲನೇ ವಾರವೇ ನಿಮ್ಮ ಕೈಗೇ ಕೊಟ್ಟಿದೀನಿ, ನೀವು ಮರೆತಿದೀರಿ. ಮಂಚ ತರಲಿ ಅಂತ ಕೊಟ್ಟೆ. ನಿಮ್ಮ ಕಾಲು ಮುರೀಲಿ ಅಂತ ಕೊಡಲಿಲ್ಲ."

ಆ ಮಾತು ನಾಟಿತು. ನಾಟಿದ್ದರಿಂದಲೇ ಅವಳು ಆ ದಿನ ಮಧ್ಯಾಹ್ನ ಡಿಪೋ ಮ್ಯಾನೇಜರ್ ಕೋಣೆಗೆ ಹೋದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವರು ಅವರು. ಅವರು ಸರಿ ಎಂದರೆ ಉಳಿದವರೂ ಸರಿ ಎಂದಾರು ಎಂಬ ಆಸೆ ಅವಳಿಗೆ.

"ಸರ್, ಕಾಲು ಸ್ವಲ್ಪ ತೊಂದರೆ ಕೊಡ್ತಿದೆ. ಒಂದು ವೇಳೆ ಓಡೋಕೆ ಆಗದೇ ಹೋದ್ರೆ…"

ಮ್ಯಾನೇಜರು ಕಡತದಿಂದ ತಲೆಯೆತ್ತಿ ನಕ್ಕರು. ಕೆಟ್ಟ ಮನುಷ್ಯರೇನಲ್ಲ. ಮಾತು ಹಗುರ ಅಷ್ಟೆ. "ಏನಮ್ಮ, ಅರ್ಧ ದಾರಿಗೆ ಟಿಕೆಟ್ ಕೊಟ್ಟು ಇಳಿಸಿಬಿಡ್ತೀಯಾ? ಮೇಲಿನ ಆಫೀಸಿಗೆಲ್ಲ ಹೇಳಿದೀನಿ, ನಮ್ಮ ಡಿಪೋ ಹೆಣ್ಣುಮಗಳು ಓಡ್ತಾಳೆ ಅಂತ. ಮರ್ಯಾದೆ ಕಳೀಬೇಡ ಮತ್ತೆ."

ಅವಳೂ ನಕ್ಕಳು. ನಗುತ್ತಲೇ ಹೊರಗೆ ಬಂದು, ಔಷಧಿ ಅಂಗಡಿಗೆ ಹೋಗಿ ನೋವಿನ ಮಾತ್ರೆಯ ಪಟ್ಟಿ ಕೊಂಡಳು. ಮಾತ್ರೆ ನುಂಗಿದರೆ ನೋವು ಮಲಗುತ್ತಿತ್ತು. ಎಲುಬು ಮಲಗುತ್ತಿರಲಿಲ್ಲ, ಅದು ಬಿರುಕು ಬಿಡುತ್ತಲೇ ಇತ್ತು. ಮೂರು ವಾರದ ಮೇಲೆ ಬರಲು ಹೇಳಿದ್ದ ಡಾಕ್ಟರ ಬಳಿಗೆ ಅವಳು ಹೋಗಲಿಲ್ಲ. ಆರೂಕಾಲಿಗೆ ನರ್ಸ್ ಹತ್ತಿದಾಗ ಬೆನ್ನು ತಿರುಗಿಸಿ ಚಿಲ್ಲರೆ ಎಣಿಸುವವಳ ಹಾಗೆ ನಿಲ್ಲತೊಡಗಿದಳು.

ಓಟದ ದಿನ ಎರಡು ಮಾತ್ರೆ ನುಂಗಿ ಹೊರಟಳು. ಹತ್ತು ಕಿಲೋಮೀಟರ್ ಸಲೀಸಾಗಿ ಹೋಯಿತು. ಇಪ್ಪತ್ತಕ್ಕೆ ಮತ್ತೊಂದು ಮಾತ್ರೆ. ಇಪ್ಪತ್ತೈದರಲ್ಲಿ ಎಡಗಾಲು ನೆಲಕ್ಕೆ ಊರಿದಾಗಲೆಲ್ಲ ಕಣ್ಣಿಗೆ ಕತ್ತಲೆ ಬಂತು. ರಸ್ತೆಯ ಪಕ್ಕದಲ್ಲಿ ಸಲೂನಿನ ಗಿರಾಕಿಗಳು ನಿಂತಿದ್ದರು. "ಬಿಡಬೇಡಿ ಕಂಡಕ್ಟರಮ್ಮ, ಬಿಡಬೇಡಿ" ಎಂದು ಚಪ್ಪಾಳೆ ತಟ್ಟಿದರು. ಅವಳು ಬಿಡಲಿಲ್ಲ.

ಮೂವತ್ತೊಂದನೇ ಕಿಲೋಮೀಟರಿನಲ್ಲಿ, ಒಂದು ಪೆಟ್ರೋಲ್ ಬಂಕಿನ ಎದುರು, ಕಾಲು ಮುರಿಯಿತು. ಒಣಗಿದ ಕೋಲು ಮುರಿದಂಥ ಸದ್ದು ಅವಳಿಗೇ ಕೇಳಿಸಿತು. ಬಿದ್ದವಳು ತನ್ನ ಪಾದವನ್ನು ನೋಡಿದಳು. ಅದು ಇರಬೇಕಾದ ಕಡೆ ಮುಖ ಮಾಡಿರಲಿಲ್ಲ.

ಎಲುಬಿನೊಳಗೆ ಕಬ್ಬಿಣದ ಸರಳು ಹಾಕಿದರು. ಐದು ತಿಂಗಳು ರಜೆ. ಅದರಲ್ಲಿ ಸಂಬಳ ಸಿಕ್ಕಿದ್ದು ಎರಡು ತಿಂಗಳದು. ಮತ್ತೆ ಕೆಲಸಕ್ಕೆ ಹೋದಾಗ ಡಿಪೋದ ವೈದ್ಯರು ಅವಳನ್ನು ನಡೆಸಿ ನೋಡಿ, ಓಡುವ ಬಸ್ಸಿನಲ್ಲಿ ನಿಲ್ಲಲು ಈ ಕಾಲು ತಾಳುವುದಿಲ್ಲ ಎಂದು ಬರೆದರು. ಪ್ರಯಾಣಿಕರು ಬಿಟ್ಟುಹೋದ ಸಾಮಾನು ಇಡುವ ಕೋಣೆಯಲ್ಲಿ ಅವಳಿಗೆ ಕುರ್ಚಿ ಕೊಟ್ಟರು. ಸಂಬಳ ಕಡಿಮೆ. ಕಿಟಕಿ ಇಲ್ಲ. ಛತ್ರಿ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಬೇಕು. ಕೋಣೆಯ ಬಾಗಿಲಲ್ಲಿ ಹಾದು ಹೋಗುವ ಹಳೆಯ ಜೊತೆಗಾರರು "ಈಗ ಆರಾಮ ಬಿಡಿ, ಕೂತ್ಕೊಂಡು ಸಂಬಳ" ಎನ್ನುತ್ತಿದ್ದರು. 

ಊರು ಇದಕ್ಕಿಂತ ಒರಟಾಗಿತ್ತು. ಆಸ್ಪತ್ರೆಗೆ ಹಣ್ಣು ತಂದವರೇ ಹೊರಗೆ ನಿಂತು "ಇನ್ನು ಹನ್ನೊಂದು ಕಿಲೋಮೀಟರ್ ಇತ್ತಂತೆ" ಎಂದರು. ಸಲೂನಿನಲ್ಲಿ ಒಬ್ಬ ಗಿರಾಕಿ, "ಓಟ ಮುಕ್ಕಾಲಿಗೆ ನಿಂತಿದೆ, ನನ್ನ ಕಾಲುಭಾಗ ವಾಪಸ್ ಕೊಟ್ಬಿಡಪ್ಪ" ಎಂದು ತಮಾಷೆ ಮಾಡಿದ. ಕೂತವರೆಲ್ಲ ನಕ್ಕರು. ಗಂಡನೂ ನಕ್ಕ. ಆಮೇಲೆ ಒಂದು ತಿಂಗಳು ಆ ಮನುಷ್ಯನಿಂದ ದುಡ್ಡು ತೆಗೆದುಕೊಳ್ಳದೆ ಗಡ್ಡ ತೆಗೆದ. ಅವನು ಬೇಡ ಎನ್ನಲಿಲ್ಲ.

ಊರುಗೋಲು ಬಿಟ್ಟು ನಡೆಯುವ ಹಾಗಾದಾಗ ಕಂಡಕ್ಟರಮ್ಮ ಮಗಳನ್ನು ಕರೆದುಕೊಂಡು ತಂಗುಮನೆಗೆ ಹೋದಳು. ಮಗಳು ಹತ್ತೊಂಬತ್ತರ ಹುಡುಗಿ, ಕಾಲೇಜಿಗೆ ಹೋಗುವವಳು. ತಂಗುಮನೆಯನ್ನು ನೋಡಿಕೊಳ್ಳುವಾಕೆ ಬಿಳಿ ಕೂದಲಿನ, ಕಡಿಮೆ ಮಾತಿನ ಹೆಂಗಸು. ಕಂಡಕ್ಟರಮ್ಮ ತಾನು ಯಾರ ಹೆಂಡತಿ ಎಂದು ಹೇಳಿ ಕೈಮುಗಿದಳು.

"ಅಮ್ಮ, ನಾನು ಓಡಿ ಮುಗಿಸಲಿಲ್ಲ. ತಪ್ಪಾಯ್ತು ಅಂತ ಹೇಳಿ ಹೋಗೋಣ ಅಂತ ಬಂದೆ. ಮಂಚಕ್ಕೆ ಎಷ್ಟು ಕಡಿಮೆ ಬಿದ್ರೂ ನಿಧಾನಕ್ಕೆ ನಾನೇ ಕಟ್ತೀನಿ."

ಆಕೆಗೆ ಅರ್ಥವಾಗಲಿಲ್ಲ. "ಏನು ಮುಗಿಸಲಿಲ್ಲ?"

"ಓಟ."

"ಓಟಕ್ಕೂ ನಮಗೂ ಏನಮ್ಮ? ನಿಮ್ಮ ಯಜಮಾನರು ತಂದುಕೊಟ್ಟ ಹಣಕ್ಕೆ ಮೂರನೇ ತಿಂಗಳೇ ಮಂಚ ಬಂತು. ಬನ್ನಿ, ನೋಡಿ."

ಒಳಗಿನ ಹಜಾರದಲ್ಲಿ ಗೋಡೆಗೆ ಸಾಲಾಗಿ ಹೊಸ ಮಂಚಗಳಿದ್ದವು. ಒಂಬತ್ತು. ಒಂದರಲ್ಲಿ ತಲೆಗೂದಲು ಉದುರಿದ ಹೆಂಗಸೊಬ್ಬಳು ಮಗ್ಗುಲಾಗಿ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದಳು. ಅವಳ ತಂಗಿಯೋ ಯಾರೋ ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು.

ಕಂಡಕ್ಟರಮ್ಮ ಲೆಕ್ಕ ಹಾಕಿದಳು. ಮೂರನೇ ತಿಂಗಳು ಎಂದರೆ ಅವಳು ಮೊದಲ ಮಾತ್ರೆ ನುಂಗಿದ ತಿಂಗಳು. ಡಿಪೋ ಮ್ಯಾನೇಜರ ಕೋಣೆಯಿಂದ ನಗುತ್ತಾ ಹೊರಬಂದ ತಿಂಗಳು. ಅವಳು ಹಲ್ಲು ಕಚ್ಚಿ ಸಿಮೆಂಟು ರಸ್ತೆಯಲ್ಲಿ ಓಡುತ್ತಿದ್ದಾಗ ಇಲ್ಲಿ ರೋಗಿಗಳು ಆಗಲೇ ಬೆನ್ನು ಚಾಚಿ ಮಲಗಿದ್ದರು.

"ನಾನು ಆಗಲೇ ನಿಲ್ಲಿಸಿದ್ರೆ?" ಎಂದು ಕೇಳಿದಳು.

"ನಿಲ್ಲಿಸಿದ್ರೆ ಏನು? ಮಂಚ ಎತ್ಕೊಂಡು ಹೋಗ್ತಾರಾ ಯಾರಾದ್ರೂ? ನೀವು ಓಡಿದ್ರೋ ಇಲ್ವೋ ನಮಗೆ ಗೊತ್ತೂ ಇಲ್ಲ. ನಾವು ಯಾರನ್ನೂ ಓಡಿ ಅಂತ ಕೇಳಿದವರಲ್ಲ." ಆಕೆ ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು.

ಬರುವಾಗ ಬಸ್ಸಿನಲ್ಲಿ ಯಾರೋ ಎದ್ದು ಕಂಡಕ್ಟರಮ್ಮನಿಗೆ ಸೀಟು ಬಿಟ್ಟುಕೊಟ್ಟರು. ಅವಳು ಕೂತಳು. 

ಇಲ್ಲಿಗೆ ಮುಗಿದಿದ್ದರೆ ಇದು ಒಬ್ಬಳ ದುಃಖ ಆಗುತ್ತಿತ್ತು. ಮರುವರ್ಷದ ಮ್ಯಾರಥಾನಿನ ಜಾಹೀರಾತು ಬಂದಾಗ ಮಗಳು ಊಟದ ನಡುವೆ ಹೇಳಿದಳು. "ಅಮ್ಮ ಬಿಟ್ಟ ಓಟ ನಾನು ಮುಗಿಸ್ತೀನಿ. ಹೆಸರು ಕೊಟ್ಟು ಬಂದೆ."

ಕಂಡಕ್ಟರಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಗಂಡನ ಮುಖ ಮಾತ್ರ ಬೆಳಗಿತು. "ಮಾಡ್ಲಿ ಬಿಡು. ಇವಳದು ಎಳೇ ಎಲುಬು. ಜನರ ಬಾಯಿ ಮುಚ್ಚಿಸಿದ ಹಾಗೂ ಆಗುತ್ತೆ. ನಾಳೆ ಡಬ್ಬಿ ತೊಳೆದು ಇಡ್ತೀನಿ."

"ಜನರ ಬಾಯಿ" ಎಂದಳು ಕಂಡಕ್ಟರಮ್ಮ. "ಅದನ್ನು ಮುಚ್ಚಿಸೋಕೆ ಒಂದು ಕಾಲು ಆಯ್ತು. ಇನ್ನೂ ಎಷ್ಟು ಕಾಲು ಬೇಕು?"

"ನಾನೇನು ಮುರಿದ್ನಾ ನಿನ್ನ ಕಾಲು? ನೀನೇ ಓಡ್ತೀನಿ ಓಡ್ತೀನಿ ಅಂದೆ."

"ಅಂದೆ. ಮಾತ್ರೆ ನುಂಗಿದ್ದೂ ನಾನೇ. ಆದ್ರೆ ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನನಗೆ ಅಷ್ಟು ನೋವಿತ್ತು ಅಂತ ನಿಮಗೆ ಗೊತ್ತಿರಲಿಲ್ವಾ?"

ಗಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.  

"ಗೊತ್ತಿತ್ತು" ಎಂದ. "ಓಟಕ್ಕೆ ನಾಲ್ಕು ದಿನ ಇದ್ದಾಗ ನೀನು ಮೆಟ್ಟಿಲ ಮೇಲೆ ಕೂತ್ಕೊಂಡು ಒಂದೊಂದೇ ಜಾರ್ತಾ ಕೆಳಗೆ ಇಳಿದಿದ್ದು ನೋಡಿದೆ. ಬಾಗಿಲ ಹಿಂದೆ ನಿಂತಿದ್ದೆ. ಬೇಡ ಅನ್ನೋಣ ಅನ್ನಿಸ್ತು. ಆಮೇಲೆ ಅಂಗಡಿ ನೆನಪಾಯ್ತು. ಬೆಳಿಗ್ಗೆ ಹೋಗಿ ಅವರಿಗೆಲ್ಲ ಏನು ಹೇಳಲಿ ಅಂತ ಸುಮ್ಮನಾದೆ."

"ನೀವೊಂದು ಸಲ ಬೇಡ ಅಂದಿದ್ರೆ ನಾನು ನಿಂತುಬಿಡ್ತಿದ್ದೆ ರೀ. ಯಾರಾದ್ರೂ ಮನೆಯವರು ಅನ್ನಲಿ ಅಂತ ಕಾಯ್ತಾ ಇದ್ದೆ."

ಮಗಳು ಇಬ್ಬರನ್ನೂ ನೋಡುತ್ತಾ ಕೂತಿದ್ದಳು. ಯಾರೂ ಊಟ ಮುಗಿಸಲಿಲ್ಲ.

ಮುಂದಿನ ಭಾನುವಾರ ಕಂಡಕ್ಟರಮ್ಮ ಆ ನರ್ಸನ್ನು ಮನೆಗೆ ಕರೆದಳು. ಬಸ್ಸಿನಲ್ಲಿ ಬೆನ್ನು ತಿರುಗಿಸಿದ್ದಕ್ಕೆ ಕ್ಷಮೆ ಕೇಳಲು ಹೋದರೆ ನರ್ಸ್ "ಚಹಾ ಕೊಡಿ ಮೊದಲು" ಎಂದಳು. ಗಂಡ ತಾನೇ ಕುರ್ಚಿ ಎಳೆದು ಹಾಕಿ ಎದುರು ಕೂತ.

"ಹಾಗಾದ್ರೆ ಓಡಲೇಬಾರದಾ ಸಿಸ್ಟರ್?" ಎಂದು ಕೇಳಿದ.

"ಯಾರು ಹೇಳಿದ್ದು? ಓಟ ಒಳ್ಳೇದೇ. ಆದ್ರೆ ಹೊಸಬರಿಗೆ ನಾಲ್ಕು ತಿಂಗಳು ಸಾಲದು. ನಡೆಯೋದ್ರಿಂದ ಶುರು ಮಾಡಿ, ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಮಧ್ಯೆ ಬಿಡುವಿನ ದಿನ ಬೇಕೇ ಬೇಕು, ಎಲುಬು ಗಟ್ಟಿಯಾಗೋದೇ ಆ ದಿನ. ಹೊಟ್ಟೆ ತುಂಬ ಊಟ ಮಾಡಬೇಕು. ಶುರು ಮಾಡೋ ಮೊದಲು ಡಾಕ್ಟರಿಗೆ ಒಂದು ಸಲ ಮೈ ತೋರಿಸಬೇಕು."

"ನೋವು ಬಂದ್ರೆ?" ಮಗಳು ಕೇಳಿದಳು.

"ಮೈಕೈ ನೋವು ಬರುತ್ತೆ, ಎರಡು ದಿನದಲ್ಲಿ ಹೋಗುತ್ತೆ. ಒಂದೇ ಜಾಗದಲ್ಲಿ, ಎಲುಬಿನ ಮೇಲೆ, ದಿನದಿಂದ ದಿನಕ್ಕೆ ಏರ್ತಾ ಹೋದ್ರೆ ಅವತ್ತೇ ನಿಲ್ಲಿಸ್ಬೇಕು. ಮಾತ್ರೆ ನುಂಗಿ ಓಡಬಾರದು. ನೋವು ಬಾಯಿ ಇಲ್ಲದ ಎಲುಬಿನ ಮಾತು, ಅದರ ಬಾಯಿಗೆ ಬಟ್ಟೆ ತುರುಕಬೇಡ."

"ದುಡ್ಡು ಕೊಟ್ಟವರಿಗೆ ಏನು ಹೇಳೋದು?"

ಇದಕ್ಕೆ ನರ್ಸ್ ಬಾಯಿ ತೆರೆಯುವ ಮೊದಲೇ ಕಂಡಕ್ಟರಮ್ಮ ಹೇಳಿದಳು. "ಅದನ್ನು ಇಸ್ಕೊಳ್ಳೋ ಮೊದಲೇ ಹೇಳು."

ಮಗಳು ಒಂದು ಹಾಳೆಯಲ್ಲಿ ಬರೆದಳು. 'ನಾನು ಓಡಬಹುದು, ಓಡದೆಯೂ ಇರಬಹುದು. ನೀವು ಕೊಡುವುದು ಮಂಚಕ್ಕೆ, ನನ್ನ ಕಾಲಿಗಲ್ಲ. ಒಪ್ಪಿಗೆ ಇದ್ದರೆ ಕೊಡಿ.' ಗಂಡ ಅದನ್ನು ಓದಿ, ಎದ್ದು, ತಾನೇ ಸಲೂನಿನ ಕನ್ನಡಿಗೆ ಅಂಟಿಸಿದ. ಫೋಟೋ ಅಂಟಿಸಲಿಲ್ಲ. "ಎಷ್ಟಾಯ್ತು ಇವತ್ತಿಗೆ" ಎಂದು ಯಾರಾದರೂ ಕೇಳಿದರೆ, "ನಾನು ಕೇಳಿಲ್ಲ, ನೀವೂ ಕೇಳ್ಬೇಡಿ" ಎನ್ನುವುದನ್ನು ಕಲಿತ.

ಹಾಳೆ ಓದಿದ ಮೇಲೆ ಕೊಡುವವರು ಕಡಿಮೆಯಾದರು ಎಂಬುದನ್ನು ಮುಚ್ಚಿಡುವುದು ಬೇಡ. ಡಿಪೋ ಮ್ಯಾನೇಜರು ಕನ್ನಡಕ ಏರಿಸಿ ಓದಿ, ಹಾಳೆಯನ್ನು ಮಗಳಿಗೇ ವಾಪಸ್ಸು ಕೊಟ್ಟರು. "ಓಡೋದೇ ಗ್ಯಾರಂಟಿ ಇಲ್ಲ ಅಂದ್ಮೇಲೆ ಏನಕ್ಕಮ್ಮ ಕೊಡ್ಬೇಕು?" ಎಂದರು. ಪಕ್ಕದ ಕೋಣೆಯಲ್ಲಿ ಛತ್ರಿಗಳ ನಡುವೆ ಕೂತ ಕಂಡಕ್ಟರಮ್ಮನಿಗೆ ಅದು ಕೇಳಿಸಿತು. ಹೋದ ವರ್ಷ ಒಂಬತ್ತು ಮಂಚಕ್ಕೆ ಬಂದಿತ್ತು. ಈ ಸಲ ಬಂದದ್ದು ಮೂರಕ್ಕೆ.

ಮಗಳು ನಿಧಾನವಾಗಿ ಏರಿಸುತ್ತಾ ಬಂದಳು. ಆರನೇ ತಿಂಗಳಲ್ಲಿ ಹಿಮ್ಮಡಿಯ ಎಲುಬಿನಲ್ಲಿ ನೋವು ಶುರುವಾಯಿತು. ಒಂದು ಬೆರಳಿನಷ್ಟೇ ಜಾಗ. ಅವಳು ಎರಡು ದಿನ ಮುಚ್ಚಿಟ್ಟಳು. ಮೂರನೇ ದಿನ ಅಡುಗೆಮನೆಯಲ್ಲಿ ತುದಿಗಾಲಲ್ಲಿ ನಡೆಯುವುದನ್ನು ಕಂಡವನು ಅಪ್ಪ. ಅವನು ಈ ಸಲ ಬಾಗಿಲ ಹಿಂದೆ ನಿಲ್ಲಲಿಲ್ಲ.

"ಸಾಕು ಕಣಮ್ಮ" ಎಂದ. "ನಿಲ್ಲಿಸು."

"ಇನ್ನೆರಡೇ ತಿಂಗಳು ಅಪ್ಪ."

"ಒಂದು ದಿನವೂ ಬೇಡ. ನಡಿ, ಡಾಕ್ಟರ ಹತ್ರ ಹೋಗೋಣ. ಅಂಗಡಿ ಮುಚ್ಚಿ ಬರ್ತೀನಿ."

ಅವಳು ಅತ್ತಳು, ಸಿಟ್ಟು ಮಾಡಿದಳು, ಹೋದಳು. ಸ್ಕ್ಯಾನಿನಲ್ಲಿ ಬಿರುಕಿನ ಮೊದಲ ಗೆರೆ ಕಂಡಿತು. ಎಂಟು ವಾರ ಓಟ ಬಂದ್. ಎಲುಬು ತಾನಾಗಿ ಕೂಡಿಕೊಂಡಿತು. ಕತ್ತಿ, ಸರಳು, ಹೊಲಿಗೆ ಯಾವುದೂ ಬೇಕಾಗಲಿಲ್ಲ.

ಮ್ಯಾರಥಾನಿನ ದಿನ ಮಗಳು ರಸ್ತೆ ಬದಿಯ ಮೇಜಿನ ಹಿಂದೆ ಕೂತು ಓಡುವವರಿಗೆ ನೀರು ಕೊಟ್ಟಳು. ಯಾರೂ ಅವಳಿಗೆ ಚಪ್ಪಾಳೆ ತಟ್ಟಲಿಲ್ಲ. "ತಾಯಿ ಮುಕ್ಕಾಲು, ಮಗಳು ಸೊನ್ನೆ" ಎಂದು ಹಿಂದೆ ನಿಂತವರು ಹೇಳಿದ್ದು ಕಂಡಕ್ಟರಮ್ಮನ ಕಿವಿಗೆ ಬಿತ್ತು. ಅವಳು ತಿರುಗಿ ನೋಡಲಿಲ್ಲ. ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಾ ನಿಂತಿದ್ದಳು. ಓಟ ಮುಗಿದ ಮೇಲೆ ಮಗಳು ತನ್ನ ಎರಡು ಕಾಲ ಮೇಲೆ ಮನೆಗೆ ನಡೆದಳು. ತಾಯಿ ಕುಂಟುತ್ತಾ ಹಿಂದೆ ನಡೆದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ. ಒಳ್ಳೆಯ ಕೆಲಸಕ್ಕಾಗಿ ಓಡುವ ಮನಸ್ಸು ನಿಮಗಿದ್ದರೆ ಓಡಿ. ವರ್ಷ ಮೊದಲೇ ಶುರು ಮಾಡಿ, ಡಾಕ್ಟರಿಗೆ ತೋರಿಸಿ, ಹೊಟ್ಟೆ ತುಂಬ ಉಂಡು, ಬಿಡುವು ಕೊಟ್ಟು ಓಡಿ. ಎಲುಬಿನಲ್ಲಿ ಬೆರಳಿಟ್ಟು ತೋರಿಸುವಂಥ ನೋವು ಬಂದರೆ ನಿಲ್ಲಿ. ಎಕ್ಸ್‌ರೇಯಲ್ಲಿ ಕಾಣಲಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ, ಡಾಕ್ಟರು ಮತ್ತೆ ಬನ್ನಿ ಎಂದರೆ ಮತ್ತೆ ಹೋಗಿ. ಮನೆಯಲ್ಲಿ ಒಬ್ಬರು ನೋವು ನುಂಗಿಕೊಂಡು ನಡೆಯುವುದು ಕಂಡರೆ ಸುಮ್ಮನಿರಬೇಡಿ. ಅವರು ನಿಮ್ಮ ಒಂದು ಮಾತಿಗೆ ಕಾಯುತ್ತಿರಬಹುದು.

ನೀವು ಓಡುವವರಲ್ಲ, ಹಣ ಕೊಡುವವರಾದರೆ ನಿಮಗೆ ಇನ್ನೂ ಸಣ್ಣ ಕೆಲಸ. ಕೊಡುವಾಗಲೇ ಹೇಳಿಬಿಡಿ: "ನೀನು ಅರ್ಧಕ್ಕೆ ನಿಂತರೂ ಇದು ಅವರಿಗೇ ಸೇರಲಿ." ಆ ಊರಿನಲ್ಲಿ ಹಣ ಕೊಟ್ಟವರು ನೂರಾರು ಜನ. ಈ ಅರ್ಥದ ಮಾತು ಹೇಳಿದವಳು ನರ್ಸ್ ಒಬ್ಬಳೇ. ಇನ್ನು ನಾಲ್ಕು ಜನ ಹೇಳಿದ್ದರೆ ಕಂಡಕ್ಟರಮ್ಮ ಇಂದೂ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುತ್ತಿದ್ದಳು.